ಮಳೆ ಪಟ್ಟಿಯು ಸೀರೆಯಂತೆ ಕಾಣತಕ್ಕದ್ದಲ್ಲ ಎಂಬ ಬಗ್ಗೆ

ವಿಭಾಗೀಯ ಕಚೇರಿ, ಆದೋನಿ
(ಇಲಾಖೆಯ ಹೆಸರಿನ ಫಲಕ ಬಣ್ಣ ಬಳಿಸಲು ಹೋಗಿದ್ದು, ಇನ್ನೂ ವಾಪಸು ಬಂದಿಲ್ಲ)

ಸುತ್ತೋಲೆ ಸಂಖ್ಯೆ: ಮ.ಪ/ಬಣ್ಣ/14/2025-26
ದಿನಾಂಕ: 27-10-2025

ವಿಷಯ: ಕಂಪ್ಯೂಟರ್‌ನಲ್ಲಿ ಕೋಡ್ ಬರೆಯುವ ನೋಟ್‌ಬುಕ್‌ನಲ್ಲಿ ಮಳೆ ಅಂಕಿಗಳ ಪಟ್ಟಿಯು ಯಾವ ರೀತಿ ಕಾಣತಕ್ಕದ್ದು ಮತ್ತು ಯಾವ ರೀತಿ ಕಾಣತಕ್ಕದ್ದಲ್ಲ ಎಂಬ ಬಗ್ಗೆ.

ಉಲ್ಲೇಖ:
(ಅ) ಈ ಕಚೇರಿಯ ಸುತ್ತೋಲೆ ಸಂಖ್ಯೆ ಮ.ಪ/ಬಿಳಿ/1, ದಿನಾಂಕ 10-9-2025 (ಇನ್ನು ಮುಂದೆ ‘ಬಿಳಿ ಸುತ್ತೋಲೆ’ ಎನ್ನಲಾಗುವುದು).
(ಆ) ಮೇಲಿನ ಕಚೇರಿಯ ಜ್ಞಾಪನ, ದಿನಾಂಕ 20-10-2025: ‘ಹದಿನಾಲ್ಕು ಖಾಲಿ ಹಾಳೆಗಳಿಗೆ ಮೊಹರು ಹಾಕಿ ಕಳುಹಿಸಿದ್ದೇಕೆ?’
(ಇ) ದತ್ತಾಂಶ ಸಹಾಯಕಿ ಕುಮಾರಿ ನಾಗಜ್ಯೋತಿಯವರ ಗುತ್ತಿಗೆ ಮುಂದುವರಿಕೆಯ ಕಡತ (ಮೂರು ತಿಂಗಳಿಂದ ಉಪನಿರ್ದೇಶಕರ ಮೇಜಿನ ಮೇಲೆ, ನೀರಿನ ತಂಬಿಗೆಯ ಕೆಳಗೆ).
(ಈ) ಒಂದು ಸೀರೆ.

ಈ ಸುತ್ತೋಲೆಯ ತೆಲುಗು ಮೂಲವು ಇನ್ನೂ ಟೈಪಾಗಿ ಬಂದಿಲ್ಲವಾದ್ದರಿಂದ ಅದರ ಕನ್ನಡ ಅನುವಾದವನ್ನು ಮೊದಲು ಹೊರಡಿಸಲಾಗಿದೆ. ಮೂಲವು ಅನುವಾದಕ್ಕೆ ಅನುಗುಣವಾಗಿ ಇರತಕ್ಕದ್ದು.

1. ಮಳೆ ಪಟ್ಟಿಯು ಸರ್ಕಾರಿ ದಾಖಲೆಯಾಗಿರುವುದರಿಂದ ಅದನ್ನು ನೋಡಿದವರಿಗೆ ಸಂತೋಷವಾಗಬಾರದೆಂದು ಈ ಮೂಲಕ ಎಲ್ಲ ಸಿಬ್ಬಂದಿಗೆ ಸೂಚಿಸಲಾಗಿದೆ. ಗೆರೆಗಳೆಲ್ಲ ಒಂದೇ ದಪ್ಪ ಇರತಕ್ಕದ್ದು. ಶೀರ್ಷಿಕೆ ಪಟ್ಟಿಯ ತಲೆಯ ಮೇಲೆ ಇರತಕ್ಕದ್ದು. ಕೋಡ್ ಬರೆದವರು ಶೀರ್ಷಿಕೆಯನ್ನು ಕೆಳಗೆ ಇಟ್ಟಿದ್ದಲ್ಲಿ, ಅದನ್ನು ಬದಲಿಸಲು ಅನುಮತಿ ಬರುವವರೆಗೆ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಓದತಕ್ಕದ್ದು.

2. ನೋಟ್‌ಬುಕ್ ಎಂಬುದು ಸಾಲುಗಳನ್ನು ಒಂದರಿಂದ ಎಣಿಸದೆ ಸೊನ್ನೆಯಿಂದ ಎಣಿಸುವ ಅಭ್ಯಾಸ ಇಟ್ಟುಕೊಂಡಿದೆ. ಇದರಿಂದ ಮೊದಲ ಸಾಲಿನಲ್ಲಿದ್ದ ಚಿಪ್ಪಗಿರಿಗೆ ಸೊನ್ನೆ ಬಂದು, ಆ ಊರಿನ ಆರು ಮಂದಿ ಒಂದೇ ಆಟೋದಲ್ಲಿ ಕಚೇರಿಗೆ ಬಂದು ‘ನಮ್ಮೂರಿಗೆ ಸೊನ್ನಿ ಹಾಕಾಕ ನೀವ್ಯಾರು’ ಎಂದು ವಿಚಾರಿಸಿ ಹೋಗಿರುತ್ತಾರೆ. ಇನ್ನು ಮುಂದೆ ಯಾವ ಊರಿಗೂ ಸೊನ್ನೆ ಕೊಡತಕ್ಕದ್ದಲ್ಲ. ಸೊನ್ನೆಯ ಸಾಲಿನಲ್ಲಿ ಇಲ್ಲದ ಊರೊಂದನ್ನು ಬರೆಯತಕ್ಕದ್ದು. ಆ ಊರಿನಲ್ಲಿ ಮಳೆಯಾಗದಂತೆ ಸಂಬಂಧಪಟ್ಟವರು ನೋಡಿಕೊಳ್ಳತಕ್ಕದ್ದು.

3. ಮೌಸ್ ತಾಗಿದ ಕೂಡಲೇ ಸಾಲು ಹೊಳೆಯುವಂತೆ ಕೋಡ್ ಬರೆಯುವುದನ್ನು ನಿಷೇಧಿಸಲಾಗಿದೆ. ಮುಟ್ಟಿದ ಕೂಡಲೇ ಹೊಳೆಯುವುದು ಸರ್ಕಾರಿ ಸಾಲಿಗೆ ಶೋಭೆಯಲ್ಲ. ಅರ್ಜಿ ಕೊಟ್ಟು ಹದಿನೈದು ದಿನಗಳ ನಂತರ ಹೊಳೆಯಬಹುದು.

4. ಅರವತ್ತಕ್ಕಿಂತ ಹೆಚ್ಚು ಸಾಲುಗಳಿದ್ದಲ್ಲಿ ನೋಟ್‌ಬುಕ್ ಮೇಲಿನ ಐದು, ಕೆಳಗಿನ ಐದು ಸಾಲು ತೋರಿಸಿ, ನಡುವಿನ ಊರುಗಳಿಗೆಲ್ಲ ಸೇರಿಸಿ ಮೂರು ಚುಕ್ಕೆ ಇಡುತ್ತದೆ. ಚುಕ್ಕೆಗಳಲ್ಲಿ ವಾಸಿಸುವ ಸಾರ್ವಜನಿಕರು ತಮ್ಮ ಊರು ಎಷ್ಟನೇ ಚುಕ್ಕೆಗೆ ಸೇರಿದೆ ಎಂಬ ದೃಢೀಕರಣ ಪತ್ರವನ್ನು ಈ ಕಚೇರಿಯಿಂದ ಪಡೆಯತಕ್ಕದ್ದು.

5. ಉಪನಿರ್ದೇಶಕರಾದ ಶ್ರೀ ಸೋಮಶೇಖರಪ್ಪನವರು ಯಾವುದೇ ಸುತ್ತೋಲೆಯನ್ನು ನಾಲ್ಕನೇ ಕಂಡಿಕೆಯ ಆಚೆಗೆ ಓದುವುದಿಲ್ಲ ಎಂಬುದನ್ನು ಗಮನಿಸಲಾಗಿದೆ. ಸುತ್ತೋಲೆಗಳ ಕರಡು ಬರೆಯುವ ಅಧೀಕ್ಷಕ ಶ್ರೀ ಹಾಲಸ್ವಾಮಿಯವರು ಇದನ್ನು ಪರೀಕ್ಷಿಸುವ ಸಲುವಾಗಿ ಕಳೆದ ವರ್ಷ ಹಾಜರಾತಿ ಸುತ್ತೋಲೆಯ ಏಳನೇ ಕಂಡಿಕೆಯಲ್ಲಿ ನುಗ್ಗೆಕಾಯಿ ಸಾರು ಮಾಡುವ ಕ್ರಮವನ್ನು ಬರೆದಿದ್ದರು. ಸಹಿಯಾಗಿ ಬಂತು. ಎಮ್ಮಿಗನೂರಿನ ಉಪಕಚೇರಿಯವರು ಅದರಂತೆ ಮಾಡಿ, ‘ಸೂಚನೆಯನ್ನು ಪಾಲಿಸಲಾಗಿದೆ, ಚೆನ್ನಾಗಿತ್ತು’ ಎಂದು ಅನುಪಾಲನಾ ವರದಿಯನ್ನೂ ಕಳುಹಿಸಿದರು. ಆದ್ದರಿಂದ ಈ ಸುತ್ತೋಲೆಯು ಇಲ್ಲಿಂದ ವಿಷಯಕ್ಕೆ ಬರುತ್ತದೆ.

6. ವಿಷಯವೇನೆಂದರೆ ಕುಮಾರಿ ನಾಗಜ್ಯೋತಿಯವರ ಕೆಲಸ. ವಯಸ್ಸು ಇಪ್ಪತ್ನಾಲ್ಕು. ಎಮ್ಮಿಗನೂರಿನ ನೇಕಾರ ಶ್ರೀ ಯರ್ರೆಪ್ಪನವರ ಮಗಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಆದೋನಿಗೆ ಬಂದು, ಹದಿನಾಲ್ಕು ಊರಿನ ಮಳೆ ಮಾಪಕದ ಅಂಕಿಗಳನ್ನು ನೋಟ್‌ಬುಕ್‌ಗೆ ಏರಿಸಿ, ಪಟ್ಟಿ ತೆಗೆದುಕೊಡುತ್ತಾರೆ. ಅವರ ಗುತ್ತಿಗೆ ಇದೇ ತಿಂಗಳ ಮೂವತ್ತೊಂದಕ್ಕೆ, ಅಂದರೆ ಶುಕ್ರವಾರ, ಮುಗಿಯುತ್ತದೆ. ಮುಂದುವರಿಸುವ ಕಡತ ತಂಬಿಗೆಯ ಕೆಳಗಿದೆ. ತಂಬಿಗೆ ಎತ್ತಿದಾಗಲೆಲ್ಲ ಅಧೀಕ್ಷಕರು ಆಸೆಯಿಂದ ಕತ್ತು ಚಾಚಿದ್ದಾರೆ. ಉಪನಿರ್ದೇಶಕರು ನೀರು ಕುಡಿದು ತಂಬಿಗೆಯನ್ನು ಮತ್ತೆ ಅಲ್ಲೇ ಇಟ್ಟಿದ್ದಾರೆ.

7. ಆಕೆಯ ಮೇಲಿರುವ ಆಪಾದನೆ ಇಷ್ಟೆ. ಸೆಪ್ಟೆಂಬರ್ ಮೊದಲ ವಾರ ಜೂನ್, ಜುಲೈ, ಆಗಸ್ಟ್ ತಿಂಗಳ ಮಳೆ ಪಟ್ಟಿಗೆ ಆಕೆ ಬಣ್ಣ ಕೊಟ್ಟರು. ಮಳೆ ಕಡಿಮೆಯಿದ್ದ ಕೋಶಕ್ಕೆ ಅರಿಶಿನ, ಹೆಚ್ಚಾದಂತೆ ಗಿಳಿಹಸಿರು, ಎಲ್ಲಕ್ಕಿಂತ ಹೆಚ್ಚಿದ್ದ ಕಡೆ ಕುಂಕುಮ. ಅಧೀಕ್ಷಕರ ಎಡಗಣ್ಣಿಗೆ ಪೊರೆ ಬಂದಿದ್ದು, ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಅವರು ಕನ್ನಡಕ ಹುಡುಕದೆ ಓದಿದ ಪಟ್ಟಿ ಅದೊಂದೇ. ಉಪನಿರ್ದೇಶಕರು ಮಾತ್ರ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ‘ಇದೇನು ಮಳಿ ಪಟ್ಟಿನೋ, ಸೀರಿ ಅಂಗಡಿನೋ? ಬಣ್ಣ ಹಚ್ಚೋದು ಕೆಲಸ ಅಲ್ಲಮ್ಮ’ ಎಂದು ನುಡಿದು ವಾಪಸು ಕೊಟ್ಟರು. ಕುಮಾರಿ ನಾಗಜ್ಯೋತಿಯವರು ಲಿಖಿತ ವಿವರಣೆಯಲ್ಲಿ ಹೀಗೆ ತಿಳಿಸಿದ್ದಾರೆ: ‘ಬರೇ ಅಂಕಿ ನೋಡಿದ್ರ ಕಣ್ಣು ಜಾರತಾವ ಸಾರ್. ಬಣ್ಣ ಇದ್ರ ಎಲ್ಲಿ ಮಳಿ ಕಮ್ಮಿ ಆಗೈತಿ ಅಂತ ಬಾಗಿಲದಾಗ ನಿಂತರೂ ಕಾಣತೈತಿ. ನಾನು ಮಗ್ಗದ ಮುಂದ ಬೆಳೆದಾಕಿ, ನನಗ ಹಂಗೇ ತೋಚತೈತಿ.’ ಆ ಹಾಳೆಯಲ್ಲಿ ಆಕೆ ರೊಟ್ಟಿ ಡಬ್ಬಿಯನ್ನು ಸುತ್ತಿಕೊಂಡು ಊರಿಗೆ ಹೋದರು. ಹಾಳೆ ತಿರಸ್ಕೃತವಾಗಿದ್ದರಿಂದ ಇದು ಸರ್ಕಾರಿ ಆಸ್ತಿಯ ದುರ್ಬಳಕೆಯಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

8. ಮರುವಾರವೇ ಬಿಳಿ ಸುತ್ತೋಲೆ ಹೊರಟಿತು: ‘ಪಟ್ಟಿಯ ಯಾವ ಭಾಗದಲ್ಲೂ ಬಿಳಿಯ ಹೊರತು ಬೇರೆ ಬಣ್ಣ ಇರತಕ್ಕದ್ದಲ್ಲ.’ ಅದರ ಕರಡು ಬರೆದವರೂ ಅಧೀಕ್ಷಕರೇ. ಅವರಿಗೆ ಇದರ ಬಗ್ಗೆ ನಾಚಿಕೆಯಿದೆ. ಕುಮಾರಿ ನಾಗಜ್ಯೋತಿಯವರು ‘ಅಂಕಿನೂ ಬಿಳಿ ಮಾಡ್ಲೇನು ಸಾರ್?’ ಎಂದು ಬರೆದು ಕೇಳಿದರು. ‘ಸುತ್ತೋಲೆಯಲ್ಲಿ ಇದ್ದಂತೆ ಕ್ರಮ ವಹಿಸಿ’ ಎಂದು ಉಪನಿರ್ದೇಶಕರ ಷರಾ ಬಂತು. ಆಕೆ ಅಂಕಿಗಳನ್ನೂ ಬಿಳಿ ಮಾಡಿದರು. ಇದು ವಿಧೇಯತೆಯಿಂದ ಆದದ್ದೋ ಸಿಟ್ಟಿನಿಂದ ಆದದ್ದೋ ಎಂದು ತನಿಖೆ ಮಾಡಿಲ್ಲ. ಸಿಟ್ಟಿನಿಂದಲೇ ಆಗಿದ್ದಲ್ಲಿ ಅಧೀಕ್ಷಕರಿಗೆ ಸಂತೋಷವೇ. ಹೀಗೆ ಊರಿಗೊಂದರಂತೆ ಹದಿನಾಲ್ಕು ಖಾಲಿ ಹಾಳೆ ಮುದ್ರಣವಾಗಿ, ಪ್ರತಿಯೊಂದಕ್ಕೂ ‘ಪರಿಶೀಲಿಸಿ ಸರಿಯೆಂದು ಕಂಡುಬಂದಿದೆ’ ಎಂಬ ಮೊಹರು ಬಿದ್ದು, ಉಪನಿರ್ದೇಶಕರ ಸಹಿಯಾಗಿ ಮೇಲಿನ ಕಚೇರಿಗೆ ಹೋದವು.

9. ಮೇಲಿನ ಕಚೇರಿಯ ಜ್ಞಾಪನ ಬಂದಾಗ ಕುಮಾರಿ ನಾಗಜ್ಯೋತಿಯವರು ‘ಅಂಕಿ ಎಲ್ಲೂ ಹೋಗಿಲ್ಲ ಸಾರ್, ಬಿಳಿ ಮ್ಯಾಲೆ ಬಿಳಿ ಆಗಿ ಕಾಣವಲ್ಲವು. ಒಂದು ಸಾಲು ಕೋಡ್ ಬದಲಿಸಿದ್ರ ಸಾಕು, ಕರ್ರಗ ಬರತಾವ’ ಎಂದು ತಿಳಿಸಿದರು. ಆದರೆ ಬಿಳಿ ಸುತ್ತೋಲೆ ಇನ್ನೂ ಜಾರಿಯಲ್ಲಿದೆ. ಕಪ್ಪು ಒಂದು ಬಣ್ಣವೋ ಅಲ್ಲವೋ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿ ಮೇಲಿನ ಕಚೇರಿಗೆ ಬರೆಯಲಾಗಿದೆ. ಆ ಪತ್ರವನ್ನೂ ಸುತ್ತೋಲೆಗೆ ಒಳಪಟ್ಟು ಬಿಳಿ ಅಕ್ಷರದಲ್ಲೇ ಮುದ್ರಿಸಿದ್ದರಿಂದ ಉತ್ತರ ಬಂದಿಲ್ಲ.

10. ಇತ್ತ ರೊಟ್ಟಿ ಡಬ್ಬಿ ಎಮ್ಮಿಗನೂರು ತಲುಪಿತ್ತು. ಅಧೀಕ್ಷಕರು ಮಗ್ಗದ ಬಳಿ ಕುಳಿತು ದಾಖಲಿಸಿಕೊಂಡ ಶ್ರೀ ಯರ್ರೆಪ್ಪನವರ ಹೇಳಿಕೆಯನ್ನು ಇದ್ದಂತೆಯೇ ಕೊಡಲಾಗಿದೆ:

‘ಡಬ್ಬಿ ಬಿಚ್ಚಿದಾಗ ಹಾಳಿ ಸಿಕ್ತು ಸಾರು. ಚೌಕ ಮನಿ ಹಾಕಿ ಬಣ್ಣ ತುಂಬ್ಯಾಳ, ಮನಿಯಾಗ ಲೆಕ್ಕ ಬರದಾಳ. ನಮ್ಮ ಕಸುಬಿನಾಗ ಅದಕ್ಕ ಒಂದೇ ಅರ್ಥ ಐತಿ, ಈ ಬಣ್ಣದ ದಾರ ಇಷ್ಟು ಎಳಿ ಹಾಕು ಅಂತ. ಪಕ್ಕದಾಗ ಊರ ಹೆಸರಿದ್ದವು, ಯಾವ್ಯಾವ ಊರಾಗ ಮಾರಬೇಕಂತ ಇರಬೇಕು ಅನ್ಕಂಡೆ. ಹನ್ನೆಲ್ಡು ವರ್ಷ ಆತು ಸಾರು, ನನಗೊಂದು ಹೊಸಾ ಡಿಸೈನು ಬರದು ಕೊಡಮ್ಮಾ ಅಂತ ಆಕಿನ್ನ ಕೇಳಾಕತ್ತು. ಕೊನಿಗೂ ಬರದಾಳ, ಬಾಯಿಬಿಟ್ಟು ಹೇಳಾಕ ನಾಚಿಗೊಂಡು ಡಬ್ಬಿಗೆ ಸುತ್ಯಾಳ ಅಂತ ಖುಷಿ ಆತು. ನಾನೂ ಕೇಳಲಿಲ್ಲ. ಆಕಿ ಬಸ್ಸಿಗೆ ಹೋದ ಮ್ಯಾಲೆ ಕುಂದರತಿದ್ದೆ, ಬರೋ ಹೊತ್ತಿಗೆ ಮಗ್ಗಕ್ಕ ಬಟ್ಟಿ ಮುಚ್ಚತಿದ್ದೆ.’

ಈ ಹೇಳಿಕೆ ಬರೆದುಕೊಳ್ಳುವಾಗ ಅಧೀಕ್ಷಕರ ಕಣ್ಣಲ್ಲಿ ನೀರು ಬಂದಿರುತ್ತದೆ. ಪೊರೆ ಬಂದ ಕಣ್ಣಲ್ಲಷ್ಟೇ ಅಲ್ಲ, ಎರಡರಲ್ಲೂ.

11. ಶ್ರೀ ಯರ್ರೆಪ್ಪನವರ ಕೆಲಸದ ನಿಖರತೆಯನ್ನು ಇಲಾಖೆಯು ಗಮನಿಸಿದೆ. ಪಟ್ಟಿಯಲ್ಲಿ 38.5 ಎಂದಿದ್ದ ಕಡೆ ಮೂವತ್ತೆಂಟು ಎಳೆ ಹಾಕಿ, ‘ಅರ್ಧಕ್ಕ ಏನು ಮಾಡಲಿ ಅಂತ ಒಂದಿನ ಯೋಚಿಸಿ’ ಒಂದು ತೆಳ್ಳನೆಯ ಎಳೆಯನ್ನು ಸೇರಿಸಿದ್ದಾರೆ. ಚಿಪ್ಪಗಿರಿಯ ಮಾಪಕವನ್ನು ಜುಲೈನಲ್ಲಿ ಎಮ್ಮೆ ಗುದ್ದಿ ಬೀಳಿಸಿದ್ದರಿಂದ ಅಲ್ಲಿ ಅಳತೆಯಾಗಿರಲಿಲ್ಲ. ಖಾಲಿ ಕೋಶ ಕಾಣದಿರಲೆಂದು ಕುಮಾರಿ ನಾಗಜ್ಯೋತಿಯವರು ಅಲ್ಲಿ ಒಂದು ಗೆರೆ ಬರುವಂತೆ ಕೋಡ್ ಬರೆದಿದ್ದರು. ತಂದೆಯವರು ಆ ಗೆರೆಯನ್ನು ಜರಿಯಲ್ಲಿ ನೇಯ್ದರು. ಹೀಗಾಗಿ ಇಡೀ ಸೀರೆಯಲ್ಲಿ ಹೊಳೆಯುವ ಜಾಗ ಒಂದೇ, ಅದು ಇಲಾಖೆ ಕೆಲಸ ಮಾಡದ ಜಾಗ. ಡಿಸೈನು ಬೇರೆಯವರ ಕೈಗೆ ಸಿಗಬಾರದೆಂದು, ನೇಯ್ದು ಮುಗಿದ ಮೇಲೆ ಹಾಳೆಯನ್ನು ಒಲೆಗೆ ಹಾಕುವುದು ಅವರ ಪದ್ಧತಿ. ಹಾಕಿದರು.

12. ಸೀರೆ ಮಗ್ಗದಿಂದ ಇಳಿದ ದಿನವೇ ಆದೋನಿಯಿಂದ ಬಂದಿದ್ದ ಒಬ್ಬ ಹೆಂಗಸು ಅದನ್ನು ಬಿಡಲೊಲ್ಲದೆ ಕೊಂಡು ಹೋದರು. ಅವರು ಬೇರೆ ಯಾರೂ ಅಲ್ಲ, ಉಪನಿರ್ದೇಶಕರ ಪತ್ನಿ ಶ್ರೀಮತಿ ಗುರುಬಸಮ್ಮನವರು. ಅಕ್ಟೋಬರ್ ಒಂದರ ಆಯುಧಪೂಜೆಗೆ ಅವರು ಆ ಸೀರೆಯನ್ನು ಉಟ್ಟು ಕಚೇರಿಗೆ ಬಂದರು. ಕಂಪ್ಯೂಟರ್‌ಗೆ ಹೂವಿಡುತ್ತಿದ್ದ ಕುಮಾರಿ ನಾಗಜ್ಯೋತಿಯವರು ಸೆರಗನ್ನು ನೋಡುತ್ತ ನಿಂತುಬಿಟ್ಟರು. ಆ ಸಂದರ್ಭದ ನಡಾವಳಿ ಹೀಗಿದೆ:

ಶ್ರೀಮತಿ ಗುರುಬಸಮ್ಮ: ‘ಯಾಕವ, ಹಂಗ್ಯಾಕ ನೋಡ್ತಿ? ಚಲೋ ಇಲ್ಲೇನು?’

ಕುಮಾರಿ ನಾಗಜ್ಯೋತಿ: ‘ಚಲೋ ಐತ್ರಿ ಅಮ್ಮಾರ. ನಿಮ್ಮ ಸೆರಗಿನ ಮ್ಯಾಲೆ ಮದ್ದಿಕೇರದ ಆಗಸ್ಟ್ ಐತಿ.’

ಉಪನಿರ್ದೇಶಕರು ಅದೇ ಬೆಳಿಗ್ಗೆ ಮನೆಯಲ್ಲಿ ಆ ಸೀರೆಯ ಬಣ್ಣಗಳನ್ನು ಬಹಳ ಹೊಗಳಿದ್ದರೆಂದು ಅವರ ಪತ್ನಿಯವರು ಎಲ್ಲರ ಎದುರಿಗೆ ತಿಳಿಸಿದರು. ಉಪನಿರ್ದೇಶಕರು ಪ್ರಸಾದ ತೆಗೆದುಕೊಂಡು ಒಳಗೆ ಹೋದರು.

13. ಇದೀಗ ಮೇಲಿನ ಕಚೇರಿ ಅಂಕಿಗಳನ್ನು ಗುರುವಾರದೊಳಗೆ ಕೇಳಿದೆ. ನೋಟ್‌ಬುಕ್‌ನಲ್ಲಿ ಅಂಕಿ ಇದೆ, ಕಾಣುವುದಿಲ್ಲ. ಸೀರೆಯಲ್ಲಿ ಇದೆ, ಕಾಣುತ್ತದೆ. ನಿನ್ನೆ ಭಾನುವಾರ ಉಪನಿರ್ದೇಶಕರ ಮನೆಯಲ್ಲಿ ಕುಮಾರಿ ನಾಗಜ್ಯೋತಿಯವರು ಭೂತಗನ್ನಡಿ ಹಿಡಿದು ಮದ್ದಿಕೇರದ ಆಗಸ್ಟ್ ಪಟ್ಟೆಯ ಎಳೆ ಎಣಿಸಿದರು. ನೂರಾ ಹನ್ನೆರಡು ಬಂತು. ಅಧೀಕ್ಷಕರು ಅಂಗಳದಲ್ಲಿ ನಿಂತು ಮದ್ದಿಕೇರದ ಮಾಪಕ ನೋಡುವ ಶ್ರೀ ಉರುಕುಂದನವರಿಗೆ ಫೋನ್ ಮಾಡಿದರು. ‘ನೂರಾ ಹನ್ನೆಲ್ಡು ಸಾರ್, ನಾನೇ ಅಳದೀನಿ’ ಎಂದರು. ಹಾಗಾದರೆ ಎಲ್ಲ ಊರಿಗೂ ಫೋನ್ ಮಾಡಬಹುದಲ್ಲ ಎಂದು ಯಾರೂ ಕೇಳತಕ್ಕದ್ದಲ್ಲ. ಬಾಯಿಮಾತು ದಾಖಲೆಯಲ್ಲ. ಸೀರೆಯಾದರೆ ಮಡಚಿ ಇಡಬಹುದು.

14. ಆದ್ದರಿಂದ ಸದರಿ ಸೀರೆಯನ್ನು ಇಲಾಖೆಯ ಮೂಲ ದಾಖಲೆ (ಉಡುವಂಥದ್ದು) ಎಂದು ಘೋಷಿಸಲಾಗಿದೆ. ಒಗೆದರೆ ಎಳೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲವಾದ್ದರಿಂದ ಒಗೆಯಬಹುದು, ಹಿಂಡತಕ್ಕದ್ದಲ್ಲ. ಶ್ರೀಮತಿ ಗುರುಬಸಮ್ಮನವರು ಅದನ್ನು ಉಟ್ಟು ಮದುವೆಗೆ ಹೋದಲ್ಲಿ ‘ದಾಖಲೆ ಪ್ರವಾಸದಲ್ಲಿದೆ’ ಎಂದು ಕಡತದಲ್ಲಿ ಬರೆಯತಕ್ಕದ್ದು. ದಾರಿಯಲ್ಲಿ ಅವರನ್ನು ಕಂಡ ಸಿಬ್ಬಂದಿ ನಮಸ್ಕಾರ ಮಾಡಬಹುದು, ಎಣಿಸತಕ್ಕದ್ದಲ್ಲ. ಅರ್ಧ ಎಳೆಗಿಂತ ಸಣ್ಣ ಎಳೆ ಮಾರುಕಟ್ಟೆಯಲ್ಲಿ ಸಿಗುವುದಿಲ್ಲವಾದ್ದರಿಂದ ಇನ್ನು ಮುಂದೆ ಮಳೆಯು ಪೂರ್ತಿ ಅಥವಾ ಅರ್ಧ ಮಿಲಿಮೀಟರ್ ಲೆಕ್ಕದಲ್ಲೇ ಬೀಳತಕ್ಕದ್ದು. ಪಟ್ಟಿಗೆ ಕೊಡುವ ಬಣ್ಣಗಳು ತೊಳೆದರೆ ಬಿಡುವುದಿಲ್ಲ ಎಂದು ಶ್ರೀ ಯರ್ರೆಪ್ಪನವರಿಂದ ಮುಂಚಿತವಾಗಿ ಬರೆಸಿಕೊಳ್ಳತಕ್ಕದ್ದು.

15. ದಾಖಲೆಯನ್ನು ಕಚೇರಿಗೆ ಒಪ್ಪಿಸುವಂತೆ ಶ್ರೀಮತಿ ಗುರುಬಸಮ್ಮನವರನ್ನು ಕೋರಲಾಯಿತು. ಅವರ ಉತ್ತರ: ‘ಕೊಡಂಗಿಲ್ಲ. ನಾ ಉಟ್ಟೀನಿ, ನಾ ಒಗದೀನಿ, ನಂದು. ಲೆಕ್ಕ ಬೇಕಂದ್ರ ಆ ಹುಡುಗಿ ಬರಲಿ, ಮಂಚದ ಮ್ಯಾಲೆ ಹಾಸಿ ಕೊಡ್ತೀನಿ, ಚಾ ನೂ ಮಾಡಿ ಕೊಡ್ತೀನಿ. ಗಂಡಸರು ನನ್ನ ಸೀರಿ ಮುಟ್ಟೋದು ಬ್ಯಾಡ.’ ಇದು ನ್ಯಾಯವೆಂದು ಅಧೀಕ್ಷಕರಿಗೆ ತೋರಿದೆ.

16. ಮೇಲಿನ ಕಂಡಿಕೆಯ ಪ್ರಕಾರ ಇಲಾಖೆಯ ಮೂಲ ದಾಖಲೆಯನ್ನು ಓದಲು ಈ ಜಗತ್ತಿನಲ್ಲಿ ಅರ್ಹತೆಯಿರುವ ಏಕೈಕ ವ್ಯಕ್ತಿ ಕುಮಾರಿ ನಾಗಜ್ಯೋತಿ. ಆಕೆಗೆ ಮೊದಲು ಈ ಕುರ್ಚಿಯಲ್ಲಿ ಮೂವರು ಬಂದು ಹೋದರು. ಅವರ ಪಟ್ಟಿಗಳನ್ನು ಯಾರೂ ಓದಲಿಲ್ಲ, ಅಧೀಕ್ಷಕರೂ ಓದಲಿಲ್ಲ. ಈ ಹುಡುಗಿಯ ಪಟ್ಟಿಯನ್ನು ಓದಿದ ಒಬ್ಬರು ಎರಡು ವಾರ ಮಗ್ಗದ ಮುಂದೆ ಕುಳಿತು ಒಂದು ಅಂಕಿಯೂ ತಪ್ಪದಂತೆ ನೇಯ್ದಿಟ್ಟಿದ್ದಾರೆ. ಇಂಥವಳನ್ನು ಶುಕ್ರವಾರ ಮನೆಗೆ ಕಳುಹಿಸುವುದು ಯಾವ ಸೀಮೆಯ ಆಡಳಿತ ಎಂದು ಅಧೀಕ್ಷಕರ ಹೊಟ್ಟೆ ಉರಿದಿರುತ್ತದೆ. ಇದನ್ನು ಮುಖಾಮುಖಿ ಹೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ಆದ್ದರಿಂದ ಹದಿನಾರನೇ ಕಂಡಿಕೆಯಲ್ಲಿ ಹೇಳಲಾಗಿದೆ.

17. ಅದರಂತೆ ಕುಮಾರಿ ನಾಗಜ್ಯೋತಿಯವರ ಸೇವೆಯನ್ನು, ಸದರಿ ಸೀರೆಯು ಹರಿಯುವವರೆಗೆ, ಈ ಮೂಲಕ ಮುಂದುವರಿಸಿ ಆದೇಶಿಸಲಾಗಿದೆ. ಸೀರೆಯ ಬಾಳಿಕೆಯ ಬಗ್ಗೆ ಸಕ್ಷಮ ಪ್ರಾಧಿಕಾರಿಯಾದ ಶ್ರೀ ಯರ್ರೆಪ್ಪನವರ ಅಭಿಪ್ರಾಯವನ್ನು ಪಡೆಯಲಾಗಿದ್ದು, ಅದು ಹೀಗಿದೆ:

‘ಬ್ಯಾರೇ ಸೀರಿ ಆಗಿದ್ರ ಹತ್ತು ವರ್ಷ ಅಂತಿದ್ದೆ ಸಾರು. ಇದು ಮಗಳು ಬರದು ಕೊಟ್ಟದ್ದು ಅಂತ ಎರಡೆರಡು ಸಲ ಬಿಗದು ನೇದೀನಿ. ಆಕಿ ರಿಟೈರ್ ಆಗೋಮಟ ಹರಿಯಂಗಿಲ್ಲ. ಹರದ್ರ ತಂದು ಕೊಡ್ರಿ, ಇನ್ನೊಂದು ನೇದು ಕೊಡ್ತೀನಿ. ಲೆಕ್ಕ ನನಗ ಬಾಯಿಪಾಠ ಐತಿ.’

ಸಹಿ/-
(ಸೋಮಶೇಖರಪ್ಪ)
ಉಪನಿರ್ದೇಶಕರು

ಕರಡು: ಹಾಲಸ್ವಾಮಿ, ಅಧೀಕ್ಷಕರು

ಷರಾ (ಪೆನ್ಸಿಲ್‌ನಲ್ಲಿ, ಬೇರೆ ಕೈಬರಹ): ‘ಫೈಲು ಮನಿಗೆ ಬಂದಿತ್ತು. ಇವರು ನಾಲ್ಕಕ್ಕ ನಿಂತ್ರು, ನಾನು ಪೂರಾ ಓದೀನಿ. ಸಹಿ ಮಾಡ್ರಿ ಅಂದೆ, ಮಾಡ್ಯಾರ. ತಂಬಗಿ ಇನ್ನ ಮ್ಯಾಲೆ ಕಿಟಕ್ಯಾಗ ಇಡಬೇಕಂತ ಹೇಳೀನಿ. ಹಾಲಸ್ವಾಮಿಯವರ, ನುಗ್ಗಿಕಾಯಿ ಸಾರಿಗೆ ಹುಣಸಿಹಣ್ಣು ಕಮ್ಮಿ ಬರದಿದ್ರಿ. – ಗು.’

ಪ್ರತಿಗಳು:
– ಮೇಲಿನ ಕಚೇರಿಗೆ, ಹದಿನಾಲ್ಕು ಖಾಲಿ ಹಾಳೆಗಳನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ. ಹಿಂಬದಿ ಬಳಸುವುದಿದೆ.
– ಎಮ್ಮಿಗನೂರು ಉಪಕಚೇರಿಗೆ. ಈ ಸಲ ಅಡುಗೆಯ ಸೂಚನೆ ಇರುವುದಿಲ್ಲ.
– ಸೊನ್ನೆಯ ಸಾಲಿನ ಊರಿನವರಿಗೆ, ವಿಳಾಸ ತಿಳಿದ ನಂತರ.
– ಚಿಪ್ಪಗಿರಿಯ ಎಮ್ಮೆಯ ಮಾಲೀಕರಿಗೆ, ಜರಿಯ ಬಗ್ಗೆ ಮೆಚ್ಚುಗೆಯೊಂದಿಗೆ.
– ಕುಮಾರಿ ನಾಗಜ್ಯೋತಿ, ದತ್ತಾಂಶ ಸಹಾಯಕಿ ಇವರಿಗೆ, ಕಪ್ಪು ಅಕ್ಷರದಲ್ಲಿ.
– ಶ್ರೀ ಯರ್ರೆಪ್ಪ, ನೇಕಾರರು, ಎಮ್ಮಿಗನೂರು ಇವರಿಗೆ, ಮಾಹಿತಿಗಾಗಿ ಮಾತ್ರ. ಈ ಸುತ್ತೋಲೆಯನ್ನು ನೇಯತಕ್ಕದ್ದಲ್ಲ.